ಬೆ-ಓ

"ಹೂಚಕ್ರದ ಪಟ್ಟಿ ಮೇಲೆ 'ಬೆ-ಓ' ಅಂತ ಬರೆಸಿದ್ದು ಯಾರ್ರೋ?" ನೆವೆಂಕಾಳನ್ನು ಮಣ್ಣುಮಾಡಿ ಸ್ಮಶಾನದಿಂದ ಹೋಟೆಲಿಗೆ ಬಂದು ಕೋಟು ಕಳಚುತ್ತಲೇ ನೆರೆಮನೆಯ ಬಾರಾ ಕೂಗಿದಳು.

"ನಾನೇ!" ಅಂಚೆಯ ಯೂರಾ ಗ್ಲಾಸುಗಳಿಗೆ ರಾಕಿಯಾ ಸಾರಾಯಿ ಬಗ್ಗಿಸುತ್ತ ಎದೆ ಸೆಟೆಸಿದ. "ನೆವೆಂಕಕ್ಕ ಆ ಮಾತನ್ನ ಮೊದಲು ಹೇಳಿದ್ದೇ ನನಗೆ."

"ನಿನಗಾ? ನಿನಗಿಂತ ಮುಂಚೆ ನಮ್ಮ ಮೆಟ್ಟಿಲ ಮೇಲೆ ನನಗೆ ಹೇಳಿದ್ಲು!"

ನೆವೆಂಕಾ ಮೂವತ್ತು ವರ್ಷ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ವರದಿ ಟೈಪು ಮಾಡಿದವಳು. 'ವಿಶೇಷವೇನೂ ಇಲ್ಲ' ಎನ್ನಲು ಡಾಕ್ಟರುಗಳು ತಮ್ಮ ಭಾಷೆಯ ಆ ಎರಡು ಪದಗಳ ಮೊದಲಕ್ಷರಗಳನ್ನಷ್ಟೇ ಹೇಳುತ್ತಿದ್ದರು: ಬೆ-ಓ. ಅದು ಅವಳ ಜೊತೆ ಮನೆಗೆ ಬಂತು. ಸಾರು ಹೇಗಿದೆ? ಬೆ-ಓ. ಗಂಡ ಹೇಗಿದ್ದಾನೆ? ಬೆ-ಓ. ನೋಡನೋಡುತ್ತ ಊರೇ ಹಾಗೆನ್ನತೊಡಗಿತು.

"ಪಾದ್ರಿಗಳೂ ಬಾಯಿತಪ್ಪಿ 'ಇವಳ ಬದುಕು ದೇವರ ಕಣ್ಣಲ್ಲಿ ಬೆ-ಓ' ಅಂದುಬಿಟ್ರಲ್ಲ!" ಬಾರಾ ನೆನಪಿಸಿದಳು.

ಹೋಟೆಲು ನಗೆಯಲ್ಲಿ ಅದುರಿತು. ಮಗಳು ಮಿರ್ನಾಳಿಗೂ ನಕ್ಕು ನಕ್ಕು ಕಣ್ಣು ತುಂಬಿತು. ಕರವಸ್ತ್ರಕ್ಕೆಂದು ತಾನು ತೊಟ್ಟಿದ್ದ ಅಮ್ಮನ ಕೋಟಿನ ಜೇಬಿಗೆ ಕೈಹಾಕಿದಳು. ಮಡಿಸಿದ ಕಾಗದವೊಂದು ಬಂತು.

ಅಮ್ಮನದೇ ಏಪ್ರಿಲ್ ತಿಂಗಳ ವರದಿ. ಎದೆಯ ದೊಡ್ಡ ರಕ್ತನಾಳ ಉಬ್ಬಿದೆ, ಯಾವಾಗ ಬೇಕಾದರೂ ಒಡೆಯಬಹುದು, ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಅಮ್ಮನ ದುಂಡಕ್ಷರ: ಬೆ. ಓ.

*

ಏಪ್ರಿಲ್‌ನ ಆ ದಿನ ಆಸ್ಪತ್ರೆಯಿಂದ ಬಂದು ಅಮ್ಮ ಇದೇ ಕೋಟು ತೂಗುಹಾಕಿದ್ದಳು.

"ಡಾಕ್ಟರು ಏನಂದ್ರಮ್ಮಾ?"

"ಬೆ-ಓ ಕಣೇ. ಬೀನ್ಸ್ ಸೀದು ಹೋಗ್ತಿದೆ, ತಿರುವು ಮೊದ್ಲು." ಆಮೇಲೆ ಗಂಡನತ್ತ ತಿರುಗಿ, "ಬ್ಲಾಜ್, ಈ ಬೇಸಿಗೇಲಿ ನನಗೆ ಈಜು ಕಲಿಸ್ತೀಯಾ?"

ಅರವತ್ತೆರಡರ ಅಮ್ಮ ಆ ಬೇಸಿಗೆ ಸಮುದ್ರದಲ್ಲಿ ಮಗುವಿನಂತೆ ಕಿರುಚಿದ್ದಳು. ಅಪ್ಪ ಅವಳ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟಿದ್ದ. ಐದನೆಯ ದಿನ ಕೈ ತೆಗೆದಿದ್ದ; ಅಮ್ಮ ತಾನಾಗಿ ತೇಲಿದ್ದಳು.

*

"ಮಿರ್ನಾ," ಪಕ್ಕದಲ್ಲಿದ್ದ ಅಪ್ಪ ತೋಳು ಹಿಡಿದ. "ಅವಳಿಗೆ ಮೊದಲೇ ಏನಾದ್ರೂ ಗೊತ್ತಿತ್ತಾ? ನಾನೇ ಅವಳನ್ನ ಕೈಯಾರೆ ನೀರಿಗಿಳಿಸಿದೆ. ಅದ್ರಿಂದ್ಲೇ ಏನಾದ್ರೂ ಅವಳು ಹೋದ್ಲಾ…"

ಎಲ್ಲರೂ ಗ್ಲಾಸು ಎತ್ತಿಕೊಂಡು ಎದ್ದಿದ್ದರು. ಮಿರ್ನಾ ಮೇಜಿನಡಿಯಲ್ಲೇ ಕಾಗದವನ್ನು ಮತ್ತೊಂದು ಮಡಿಕೆ ಮಡಿಸಿ ಜೇಬಿಗಿಳಿಸಿದಳು. ಅಪ್ಪನಿಗೆ ಹೇಳುವುದಿಲ್ಲ, ಬಾರಾಳಿಗಿಲ್ಲ, ಯಾರಿಗೂ ಇಲ್ಲ.

"ಬೆ-ಓ, ಅಪ್ಪಾ. ಅವತ್ತೇ ಹೇಳಿದ್ಲಲ್ಲ."

ಅಪ್ಪ ಉಸಿರು ಬಿಟ್ಟ. ನಂತರ ಎದ್ದುನಿಂತು, ನೀರಿನ ಮೇಲೆ ಯಾರನ್ನೋ ತೇಲಿಸುವವನಂತೆ ಬರಿಗೈಯನ್ನು ಮುಂದೆ ಚಾಚಿದ.

"ಕೊಡೋ ಯೂರಾ, ನನಗೂ ಒಂದು!"