ಆಂಬುಲೆನ್ಸ್ ಮೇಡಂ ಓಡುವುದನ್ನು ಬಿಟ್ಟದ್ದು

ಕುರ್ಚಿ ಕಾರ್ಖಾನೆಯ ಮ್ಯಾನೇಜರಮ್ಮನಿಗೆ ಬೆನ್ನ ಹಿಂದೆ ಇದ್ದ ಹೆಸರು ಆಂಬುಲೆನ್ಸ್. ಎಲ್ಲಿ ಏನು ಕೆಟ್ಟರೂ ಆಕೆ ಅಲ್ಲಿ ಹಾಜರು. ಅಂಟು ಹಿಡಿಯುತ್ತಿಲ್ಲ ಎಂದರೆ ಓಡಿದಳು, ಲಾರಿ ಬಂದಿಲ್ಲ ಎಂದರೆ ಓಡಿದಳು, ಹೊಲಿಗೆ ಯಂತ್ರದ ಸೂಜಿ ಮುರಿದರೂ ಅವಳೇ ಬೇಕು. ಮೆತ್ತೆ ಹೊಲಿಯುತ್ತಲೇ ಮೇಲೆ ಬಂದವಳು. ಕೆಲಸದಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ. ಆದರೂ ಅವಳು ಮ್ಯಾನೇಜರಾದ ಮೇಲೆ ಒಂದು ಆರ್ಡರೂ ಹೇಳಿದ ದಿನಕ್ಕೆ ಹೊರಬಿದ್ದಿರಲಿಲ್ಲ. ಅವಳು ಪಾಲಿಶ್ ವಿಭಾಗದಲ್ಲಿದ್ದರೆ ಪ್ಯಾಕಿಂಗಿನವರು ಕೈಕಟ್ಟಿ ಕೂತಿರುತ್ತಿದ್ದರು, ಪ್ಯಾಕಿಂಗಿಗೆ ಬಂದರೆ ಪಾಲಿಶ್‌ನವರು ಆಕಳಿಸುತ್ತಿದ್ದರು.

ಮಾಲೀಕರು ಬೈಯಲಿಲ್ಲ. ಒಂದು ಬೆಳಿಗ್ಗೆ ಕರೆದು, "ನಿಂಗೊಬ್ರು ಕೋಚ್ ಬರ್ತಾರಮ್ಮ. ವಾರಕ್ಕೊಂದ್ಸಲ ಅವ್ರ ಜೊತೆ ಕೂತು ಮಾತಾಡು," ಎಂದರು.

"ನಾನೇನು ಓಟದ ಪಂದ್ಯಕ್ಕೆ ಹೋಗ್ತಿದ್ದೀನಾ ಸಾರ್?"

"ಓಟ ಸಾಕಷ್ಟಾಗಿದೆ. ಸ್ವಲ್ಪ ನಿಲ್ಲೋದು ಕಲಿ."

ಬಂದವರು ಹಿಂದೆ ಬಸ್ ಡಿಪೋ ನಡೆಸುತ್ತಿದ್ದ ಹೆಂಗಸು. ದಪ್ಪ ಕನ್ನಡಕ, ನಿಧಾನದ ಮಾತು. ಪಾಠ ಹೇಳುತ್ತಾರೆಂದು ಇವಳು ಕಾದರೆ, ಅವರು ಬರೀ ಪ್ರಶ್ನೆ ಕೇಳುತ್ತಾ ಹೋದರು. ನಡುನಡುವೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಇವಳು ಪ್ರತಿಸಲವೂ ಎದ್ದು ಉತ್ತರ ಹೇಳಿ ಬಂದು ಕೂರುತ್ತಿದ್ದಳು.

"ಈಗ ಬಂದ ಕರೆಗಳಲ್ಲಿ ನೀವಲ್ದೆ ಬೇರೆ ಯಾರೂ ಉತ್ತರ ಹೇಳೋಕಾಗ್ದೇ ಇದ್ದದ್ದು ಯಾವ್ದು?" ಎಂದು ಕೋಚಮ್ಮ ಕೇಳಿದರು.

ಅವಳು ಯೋಚಿಸಿದಳು. ಒಂದೂ ಇರಲಿಲ್ಲ.

"ನಾಳೆಯಿಂದ ಯಾರೂ ನಿಮ್ಮನ್ನ ಏನೂ ಕೇಳಲ್ಲ ಅಂದ್ಕೊಳ್ಳಿ. ಹೇಗನ್ನಿಸುತ್ತೆ?"

"ಆರಾಮ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. "ಇಲ್ಲ. ಭಯ ಆಗುತ್ತೆ. ಆಮೇಲೆ ನಾನ್ಯಾಕೆ ಬೇಕು ಇವ್ರಿಗೆ?"

ಇಂಥ ಮಾತು ತನ್ನ ಬಾಯಿಂದ ಹೊರಬಿದ್ದದ್ದಕ್ಕೆ ಅವಳೇ ಕಂಗಾಲಾದಳು. ಕೋಚಮ್ಮ ನಕ್ಕರು. "ನಂಗೂ ಹಾಗೇ ಆಗ್ತಿತ್ತು. ಡ್ರೈವರನ್ನ ಸೀಟಿಂದ ಎಬ್ಬಿಸಿ ನಾನೇ ಬಸ್ ಓಡಿಸೋದೊಂದೇ ಬಾಕಿ ಇತ್ತು ನೋಡಿ."

ಇಬ್ಬರೂ ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದರು. ಯಾರಾದರೂ ತೊಂದರೆ ಹೊತ್ತು ತಂದರೆ ಮೊದಲು, "ನಿಮಗೇನನ್ನಿಸುತ್ತೆ?" ಎಂದು ಕೇಳುವುದು. ಆಮೇಲೆ ತುಟಿ ಬಿಚ್ಚದೆ ಕಾಯುವುದು.

ಮಾರನೆಯ ದಿನ ಪಾಲಿಶ್ ವಿಭಾಗದ ಮುಖ್ಯಸ್ಥ ಮೀಸೆ ಮಾಮ ಬಂದು, ಬಣ್ಣ ಒಣಗುತ್ತಿಲ್ಲ ಎಂದ. ಅವಳು ಆ ಪ್ರಶ್ನೆ ಕೇಳಿದಳು. ಆತ ಅವಳ ಮುಖವನ್ನೇ ಮಿಕಿಮಿಕಿ ನೋಡಿ, "ಮೇಡಂ, ಹುಷಾರಾಗಿದ್ದೀರಾ ತಾನೇ?" ಎಂದ. ಮನೆಯಲ್ಲೂ ಬಿಡಲಿಲ್ಲ ಅವಳು. ಊಟಕ್ಕೆ ಕೂತಾಗ ಅತ್ತೆ, "ಉಪ್ಪು ಜಾಸ್ತಿ ಹಾಕಿದ್ಯೇನೇ?" ಎಂದರೆ, "ನಿಮಗೇನನ್ನಿಸುತ್ತೆ ಅತ್ತೆ?" ಎಂದಳು.

"ನಂಗನ್ನಿಸೋದನ್ನೆಲ್ಲ ಹೇಳೋಕೆ ಶುರು ಮಾಡಿದ್ರೆ ನೀನು ತಡ್ಕೊಳ್ತೀಯಾ?"

ಗಂಡ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡ.

ಕಾರ್ಖಾನೆಯಲ್ಲಿ ಮಾತ್ರ ಜನ ಮೆಲ್ಲಮೆಲ್ಲನೆ ಬಾಯಿ ಬಿಡತೊಡಗಿದರು. ಅಷ್ಟರಲ್ಲಿ ಹೊಸ ರಂಗಮಂದಿರವೊಂದರ ದೊಡ್ಡ ಆರ್ಡರು ಬಂತು. ಉದ್ಘಾಟನೆ ಹತ್ತಿರ ಬಂದಾಗ ಮೆತ್ತೆಯ ಬಟ್ಟೆಯ ಗಂಟು ಬಿಚ್ಚಿ ನೋಡಿದರೆ, ಅರ್ಧ ಕೆಂಪು, ಅರ್ಧ ಬದನೆಕಾಯಿ ಬಣ್ಣ! ಕೇಳಿದ್ದು ಬರೀ ಕೆಂಪು. ಗಂಟನ್ನು ಬಿಚ್ಚಿ ನೋಡದೆ ಇಳಿಸಿಕೊಂಡಿದ್ದ ಮೀಸೆ ಮಾಮನ ಮೇಲೆ ಹೊಲಿಗೆ ವಿಭಾಗದ ಅಕ್ಕ ಹರಿಹಾಯ್ದಳು, ಮೀಸೆ ಮಾಮ ಬಟ್ಟೆ ಕಳಿಸಿದವರ ವಂಶವನ್ನೇ ಜಾಲಾಡಿದ. ಆಮೇಲೆ ಇಬ್ಬರೂ ಮೇಡಂ ಕಡೆ ತಿರುಗಿದರು.

ಅವಳ ಕಾಲು ಆಗಲೇ ಅರ್ಧ ಹೆಜ್ಜೆ ಮುಂದಿತ್ತು. ಹಿಂದಕ್ಕೆಳೆದುಕೊಂಡಳು. "ನಿಮಗೇನನ್ನಿಸುತ್ತೆ?"

ಕೇಳಿ, ತುಟಿ ಬಿಗಿಹಿಡಿದು ಕಾದಳು. ಕೊನೆಗೆ ಅಕ್ಕ, "ಇರೋ ಕೆಂಪಲ್ಲಿ ಹಿಂದಿನ ಸಾಲುಗಳನ್ನ ಮುಗಿಸಿ ಕಳ್ಸೋಣ. ಅಲ್ಲಿಯವ್ರು ಕುರ್ಚಿ ಕೂರಿಸ್ತಾ ಇರ್ಲಿ. ಅಷ್ಟ್ರಲ್ಲಿ ಮಿಕ್ಕ ಬಟ್ಟೆ ತರಿಸ್ಬಹುದು," ಎಂದಳು. "ರಂಗಮಂದಿರದವ್ರಿಗೆ ನಾನೇ ಹೇಳ್ತೀನಿ," ಎಂದು ಮೀಸೆ ಮಾಮ ಫೋನು ತೆಗೆದ.

ತೆಗೆದವನು ಎಡವಟ್ಟು ಮಾಡಿದ. "ಕುರ್ಚಿ ತಡ ಆಗುತ್ತೆ ಸಾರ್," ಎಂದಷ್ಟೇ ಹೇಳಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಆ ಕಡೆಯವರು ಕೂಗಾಡಿ ಫೋನಿಟ್ಟರು. ಮೇಡಂ ಕೈ ಫೋನಿನ ಕಡೆ ಹೋಯಿತು. ತಾನು ಮಾತಾಡಿದರೆ ಚಿಟಿಕೆಯಲ್ಲಿ ಸರಿಹೋಗುತ್ತದೆ; ಆದರೆ ಈ ಮನುಷ್ಯ ಇನ್ನೆಂದೂ ಫೋನು ಮುಟ್ಟುವುದಿಲ್ಲ. ಕೈ ಕೆಳಗಿಳಿಸಿದಳು.

"ಮತ್ತೆ ಮಾಡಿದ್ರೆ ಮೊದಲ ಮಾತು ಏನು ಹೇಳ್ತೀರಾ?"

ಆತ ಮೀಸೆ ತಿರುವುತ್ತಾ ಯೋಚಿಸಿದ. "ನಾಳೆ ಅರ್ಧ ಕುರ್ಚಿ ಬರುತ್ತೆ ಅಂತೀನಿ."

ಮತ್ತೆ ಮಾಡಿದ. ಈ ಸಲ ಆ ಕಡೆಯವರು ಪೂರ್ತಿ ಕೇಳಿಸಿಕೊಂಡರು. ಗೊಣಗುತ್ತಲೇ ಒಪ್ಪಿದರು. ಹೇಳಿದ ಮಾತಿನಂತೆ ಅರ್ಧ ಕುರ್ಚಿ ಮಾರನೆಯ ದಿನ ಹೋಯಿತು, ಉಳಿದದ್ದು ಉದ್ಘಾಟನೆಯ ಮುನ್ನಾದಿನ. ಆಮೇಲಿನ ಆರ್ಡರುಗಳೂ ಒಂದೊಂದಾಗಿ ಹೇಳಿದ ದಿನಕ್ಕೇ ಗೇಟು ದಾಟತೊಡಗಿದವು. ವಾಪಸು ಬರುವ ಕುರ್ಚಿಗಳೂ ಕಡಿಮೆಯಾದವು. ತಾವೇ ತೀರ್ಮಾನ ಮಾಡಿದ ಕೆಲಸದಲ್ಲಿ ಹುಳುಕು ಉಳಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ಉದ್ಘಾಟನೆಗೆ ಕಾರ್ಖಾನೆಯವರಿಗೆಲ್ಲ ಕರೆ ಬಂದಿತ್ತು. ನಾಟಕ ಶುರುವಾದರೂ ಮೀಸೆ ಮಾಮ ಬಗ್ಗಿ ಬಗ್ಗಿ ಕುರ್ಚಿಯ ಕಾಲು ಸವರಿ ನೋಡುತ್ತಿದ್ದ. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ಏನಪ್ಪಾ, ಚಪ್ಪಲಿ ಕಳ್ದೋಯ್ತಾ?" ಎಂದು ಕೇಳಿದರು. ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾ ಕೆಂಪು ಮೆತ್ತೆಗೆ ಒರಗಿದಳು. ನಗುವಿನ ಭರದಲ್ಲಿ, ವೇದಿಕೆಯ ಮೇಲೆ ನಾಟಕದ ರಾಜ ಏನು ಹೇಳಿದನೆಂದು ಅವಳಿಗೆ ಕೇಳಿಸಲೇ ಇಲ್ಲ.