ಆರೋಗ್ಯವಂತರು ಮಾತ್ರ ಸಂಪರ್ಕಿಸಿ

ಮತ್ತೆ ಯಾರನ್ನೋ ಕೂಗಿದರು, ನನ್ನನ್ನಲ್ಲ, ಎದುರಿನ ದಢೂತಿ ಮನುಷ್ಯ ಎದ್ದ ರಭಸಕ್ಕೆ ಕುರ್ಚಿ ಗೋಡೆಗೆ ಬಡಿಯಿತು, ನನ್ನ ಎದೆಯೂ ಹಾಗೇ ಬಡಿಯುತ್ತಿದೆ, ಶಾಲೆಯ ಫಲಿತಾಂಶಕ್ಕೂ ನಾನು ಹೀಗೆ ಕಾದವಳಲ್ಲ — ಗೋಡೆಯ ಮೇಲೆ ಅದೇ ಜಾಹೀರಾತು, ಕರುಳಿನ ಆರೋಗ್ಯಕ್ಕೆ ಹೊಸ ಪುಡಿ, ಪ್ರಯೋಗಕ್ಕೆ ವಯಸ್ಕರು ಬೇಕಾಗಿದ್ದಾರೆ, ಆರೋಗ್ಯವಂತರು ಮಾತ್ರ ಸಂಪರ್ಕಿಸಿ. ಮಾತ್ರ! ಇಷ್ಟು ವರ್ಷ ಮಾತ್ರೆ ನುಂಗಿದವಳಿಗೆ ಆ ಮಾತ್ರ ಎನ್ನುವುದನ್ನು ಓದಿಯೇ ಹಟ ಹುಟ್ಟಿದ್ದು, ರಕ್ತ ಕೊಟ್ಟೆ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು, ಪರೀಕ್ಷೆಗೆ ಕೇಳಿದ್ದ ಬೆಳಗಿನ ಮಲದ ಡಬ್ಬಿಯನ್ನು ಉಡುಗೊರೆಯ ಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದೆ, ಪಕ್ಕದ ಹೆಂಗಸು ಏನು ಸ್ವೀಟಾ ಅಂತ ಕೇಳಬೇಕೆ, ನಗು ತಡೆದು ತಡೆದು ಹೊಟ್ಟೆ ಹುಣ್ಣಾಯಿತು, ಅಯ್ಯೋ ಬೇಡ, ಇವತ್ತು ಹುಣ್ಣು ಅನ್ನುವ ಮಾತೇ ಬೇಡ. ಇವತ್ತು ಫಲಿತಾಂಶ. ಪುಡಿ ಅಸಲಿಯೋ ಬರಿಯ ಹಿಟ್ಟೋ, ಅರ್ಧ ಜನಕ್ಕೆ ಹಿಟ್ಟೇ ಕೊಡುತ್ತಾರಂತೆ, ಕೊಡಲಿ, ಹಿಟ್ಟಾದರೂ ಗಟಗಟ ಕುಡಿದೇನು, ಇವಳು ಆರೋಗ್ಯವಂತಳು ಅಂತ ಯಾರಾದರೊಬ್ಬರು ಸಹಿ ಹಾಕಿದರೆ ಸಾಕು.

ಪಕ್ಕದಲ್ಲಿ ಅಮ್ಮ, ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು, ಬೇಡವೆಂದರೂ ಬಂದಳು, ಆಸ್ಪತ್ರೆಗೆ ನಿನ್ನೊಬ್ಬಳನ್ನೇ ಕಳಿಸೋಕೆ ನನಗೇನು ತಲೆ ಕೆಟ್ಟಿದ್ಯಾ, ಆಸ್ಪತ್ರೆ ಅಲ್ಲಮ್ಮ ಪ್ರಯೋಗ, ಬಿಳಿ ಕೋಟು ಹಾಕ್ಕೊಂಡಿದ್ದಾರೋ ಇಲ್ವೋ, ಮತ್ತೆ? ಅವಳ ಲೆಕ್ಕದಲ್ಲಿ ಬಿಳಿ ಕೋಟಿನವರ ಮುಂದೆ ನೋವನ್ನು ಒಂದಕ್ಕೆರಡು ಮಾಡಿ ಹೇಳಬೇಕು, ಆಗಲೇ ಒಳ್ಳೆಯ ಔಷಧಿ ಕೊಡುವುದು, ಈಗಲೂ ಕಿವಿಯಲ್ಲಿ ಪಿಸುಗುಡುತ್ತಿದ್ದಾಳೆ, ನಾಚಿಕೆ ಪಡಬೇಡ, ರಾತ್ರಿಯೆಲ್ಲಾ ಒದ್ದಾಡ್ತೀನಿ ಅನ್ನು — ಅಮ್ಮಾ ಸುಮ್ನಿರು, ಇಲ್ಲಿ ಒದ್ದಾಡೋರನ್ನ ತಗೊಳ್ಳಲ್ಲ. ಒದ್ದಾಡಿದ್ದು ನಿಜ, ಏಳನೆಯ ವಯಸ್ಸಿನಲ್ಲಿ, ಇಡೀ ಒಂದು ವರ್ಷ, ಆಗ ಅಮ್ಮನ ಅಂಗೈ ನನ್ನ ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸುತ್ತುತ್ತಿತ್ತು, ಬೆಚ್ಚಗೆ, ನಿದ್ದೆ ಬರುವವರೆಗೆ, ನೋವು ಹೋಯಿತು, ಅಂಗೈ ಹೋಗಲಿಲ್ಲ. ಪ್ರವಾಸಕ್ಕೆ ಬೇಡ ಹೊಟ್ಟೆ ಸೂಕ್ಷ್ಮ, ಹಾಸ್ಟೆಲಿಗೆ ಬೇಡ ಹೊಟ್ಟೆ ಸೂಕ್ಷ್ಮ, ನೋಡಲು ಬಂದ ಹುಡುಗನ ತಾಯಿಗೂ ಅಡುಗೆಮನೆಯಲ್ಲಿ ಗುಟ್ಟಾಗಿ ಹೇಳಿದಳು, ಅವರು ಕಾಫಿ ಕುಡಿದವರು ತಿರುಗಿ ನೋಡಲಿಲ್ಲ. ಸಿಟ್ಟು ಬರುತ್ತದೆ, ಬಂದರೂ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ, ನನ್ನ ಹೊಟ್ಟೆ ನಿಜಕ್ಕೂ ಗಟ್ಟಿ, ನಾನು ಕೆಲಸ ಮಾಡುವ ಹೊಲಿಗೆಯಂತ್ರ ರಿಪೇರಿ ಅಂಗಡಿಯಲ್ಲಿ ಬೀದಿಬದಿಯ ಕರಿದದ್ದನ್ನೆಲ್ಲ ಎಣ್ಣೆ ಕೈಯಲ್ಲೇ ತಿಂದು ಅರಗಿಸಿಕೊಂಡಿದ್ದೇನೆ, ಅಮ್ಮನಿಗೆ ಗೊತ್ತಿಲ್ಲ. ಅಂಗಡಿಯ ಯಜಮಾನರು ಮತ್ತೆ ಕೇಳಿದ್ದಾರೆ, ಊರೂರು ಸುತ್ತಿ ಕಾರ್ಖಾನೆಗಳ ಯಂತ್ರ ನೋಡೋ ಕೆಲಸ ಇದೆ, ನಿನ್ನಷ್ಟು ಕೈಚಳಕ ಇನ್ಯಾರಿಗಿದೆ, ಏನಂತೀಯಾ? ಹೋದ ಸಲ ನನ್ನ ಬಾಯಿಂದಲೇ ಬಂತು, ನನಗೆ ಹೊಟ್ಟೆ ಸರಿಯಿಲ್ಲ ಸರ್. ಅವತ್ತು ನನಗೇ ಭಯವಾಯಿತು, ಅಮ್ಮನ ಮಾತು ನನ್ನ ನಾಲಿಗೆಯಲ್ಲಿ ಮನೆ ಮಾಡಿಬಿಟ್ಟಿತ್ತು.

ಕೂಗಿದರು, ನನ್ನನ್ನೇ, ಅಮ್ಮ ನನಗಿಂತ ಮುಂಚೆ ಎದ್ದಳು, ಬಾಗಿಲಲ್ಲಿ ನುಗ್ಗಿಯೂ ಆಯಿತು, ಡಾಕ್ಟರು ನನಗಿಂತ ಚಿಕ್ಕವಳು, ಕನ್ನಡಕ ಮೂಗಿನ ತುದಿಯಲ್ಲಿ, ಕೂತ್ಕೊಳ್ಳಿ, ರಕ್ತ ಚೆನ್ನಾಗಿದೆ, ಸ್ಕ್ಯಾನ್ ಚೆನ್ನಾಗಿದೆ — ಡಾಕ್ಟ್ರೇ ಇವಳಿಗೆ ಹುಟ್ಟಿದಾಗಿಂದ ಹೊಟ್ಟೆ ಸೂಕ್ಷ್ಮ, ರಾತ್ರಿಯೆಲ್ಲಾ ಒದ್ದಾಡ್ತಾಳೆ, ಹೆತ್ತ ಕರುಳು ನಂದು, ಸುಳ್ಳು ಹೇಳ್ತೀನಾ? ಮುಗಿಯಿತು, ಡಾಕ್ಟರ ಪೆನ್ನು ಗಾಳಿಯಲ್ಲೇ ನಿಂತಿತು, ನನಗೆ ಅಮ್ಮನ ಬಾಯಿ ಮುಚ್ಚಬೇಕು ಅನ್ನಿಸಿತು, ಅಳುವೂ ಬಂತು, ಡಾಕ್ಟರು ಅಮ್ಮನ ಕಡೆ ತಿರುಗಿದಳು, ನೋವಿದ್ರೆ ಸೇರಿಸ್ಕೊಳ್ಳೋಕಾಗಲ್ಲಮ್ಮ, ಇದು ಆರೋಗ್ಯವಾಗಿರೋರಿಗೆ, ರಿಪೋರ್ಟಲ್ಲಿ ಏನೂ ಇಲ್ಲ, ನೀವೇ ಯೋಚನೆ ಮಾಡಿ ಹೇಳಿ, ಇವರು ಕೊನೇ ಸಲ ಒದ್ದಾಡಿದ್ದು ಯಾವಾಗ? ಅಮ್ಮ ಬೆರಳು ಮಡಚತೊಡಗಿದಳು. ಹೋದ ವಾರ — ಅಲ್ಲ, ಅದು ಜ್ವರ, ಆ ಮದುವೆ ಮನೇಲಿ — ಅದು ಇವಳ ಚಿಕ್ಕಮ್ಮನ ಮಗಳು, ಅಮ್ಮ ವರ್ಷಗಳನ್ನು ಒಂದೊಂದಾಗಿ ತಡಕುತ್ತಿದ್ದಾಳೆ, ಕತ್ತಲೆಯಲ್ಲಿ ಸ್ವಿಚ್ಚು ಹುಡುಕುವವಳ ಹಾಗೆ, ಆಮೇಲೆ ಫ್ಲಾಸ್ಕನ್ನು ಮೇಜಿನ ಮೇಲಿಟ್ಟಳು, ಚಿಕ್ಕೋಳಿದ್ದಾಗ ಡಾಕ್ಟ್ರೇ, ಆಮೇಲೆ ಬಂದಿಲ್ಲ, ನನಗೇ ಅಭ್ಯಾಸ ತಪ್ಪಿಲ್ಲ ಅಷ್ಟೆ. ಅಷ್ಟೆ! ಸಹಿ ಬಿತ್ತು, ಮೊಹರು ಬಿತ್ತು, ಪುಡಿಯ ಪೊಟ್ಟಣಗಳ ಡಬ್ಬ ನನ್ನ ಕೈಗೆ ಬಂತು, ದಿನಾ ಒಂದು, ನೀರಲ್ಲಿ ಕಲಸಿ, ಸರಿ ಡಾಕ್ಟ್ರೇ, ಸರಿ ಸರಿ, ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತಿದೆ, ಅಮ್ಮನನ್ನೂ, ಆ ದಢೂತಿ ಮನುಷ್ಯನನ್ನೂ.

ಹೊರಗೆ ಬಂದವಳೇ ಫೋನು ತೆಗೆದೆ, ಸರ್ ನಾನು ಬರ್ತೀನಿ, ಯಾವೂರಾದ್ರೂ ಸರಿ, ಹೊಟ್ಟೆನಾ? ಹೊಟ್ಟೆಗೇನು ಧಾಡಿ ಸರ್, ಕಲ್ಲು ತಿಂದ್ರೂ ಅರಗುತ್ತೆ, ಅವರು ನಗುತ್ತಿದ್ದಾರೆ, ಸೋಮವಾರವೇ ಹೊರಡು ಅನ್ನುತ್ತಿದ್ದಾರೆ, ಸೋಮವಾರ, ಹೊಸ ಊರು, ಹೊಸ ರೂಮು, ಸ್ಪ್ಯಾನರುಗಳಿಗೊಂದು ಚೀಲ ಕೊಳ್ಳಬೇಕು, ಗಟ್ಟಿ ಬೂಟು ಕೊಳ್ಳಬೇಕು, ಅಮ್ಮಾ ಕೇಳಿಸ್ತಾ, ಸೋಮವಾರ — ತಿರುಗಿ ನೋಡಿದೆ. ಅಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ, ಕಣ್ಣು ಮುಚ್ಚಿದೆ, ಹಣೆಯ ಮೇಲೆ ಬೆವರು, ಅಂಗೈ ಹೊಟ್ಟೆಯ ಮೇಲೆ, ಅವಳದೇ ಹೊಟ್ಟೆಯ ಮೇಲೆ, ಎಡದಿಂದ ಬಲಕ್ಕೆ, ಎಡದಿಂದ ಬಲಕ್ಕೆ. ಏನಾಯ್ತಮ್ಮ? ಏನಿಲ್ಲ ಬಿಡು, ಯಾವಾಗ್ಲೂ ಇರೋದೇ, ಬಿಸಿನೀರು ಕುಡಿದ್ರೆ ಹೋಗುತ್ತೆ. ಯಾವಾಗಲೂ ಅಂದರೆ, ಯಾವಾಗಿನಿಂದ, ನಾನು ಕೇಳಿಯೇ ಇಲ್ಲ, ಮನೆಯಲ್ಲಿ ಯಾರೂ ಕೇಳಿಲ್ಲ, ಫ್ಲಾಸ್ಕು ಒಳಗೆ ಡಾಕ್ಟರ ಮೇಜಿನ ಮೇಲೇ ಉಳಿದಿದೆ, ತರಬೇಕು, ಫೋನಿನಲ್ಲಿ ಯಜಮಾನರು ಹಲೋ ಹಲೋ ಅನ್ನುತ್ತಿದ್ದಾರೆ, ಉತ್ತರ ಕೊಡಬೇಕು, ಆ ಅಂಗೈ, ಎಡದಿಂದ ಬಲಕ್ಕೆ, ಆ ಅಂಗೈ