ಹದಿನೆಂಟನೆಯದು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆಯಿತ್ತು. ಆಪರೇಷನ್ನಿನ ಸಲಕರಣೆಗಳನ್ನು ತೊಳೆದು, ಒರೆಸಿ, ಟ್ರೇಯಲ್ಲಿ ಜೋಡಿಸಿ, ಬಟ್ಟೆಯಲ್ಲಿ ಕಟ್ಟಿ, ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕೊಡುವ ಕೋಣೆ. ಅಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಟ್ರೇ ಜೋಡಿಸುತ್ತಿದ್ದ ದೊಡ್ಡಮ್ಮ ಒಮ್ಮೆಯೂ ಪಟ್ಟಿ ನೋಡಿದವರಲ್ಲ. ಹೊಟ್ಟೆಯ ಆಪರೇಷನ್ನಿನ ಟ್ರೇ ಎಂದರೆ ಅವರಿಗೆ ಒಂದು ಸಂಸಾರ. ನೇರ ಕತ್ತರಿ ಅತ್ತೆ, ಬಾಗಿದ ಕತ್ತರಿ ಸೊಸೆ. "ಈ ಒಂದು ಮನೇಲಾದ್ರೂ ಸೊಸೆ ಬಗ್ಗಿ ನಡೀಲಿ" ಎನ್ನುವರು. ಹನ್ನೆರಡು ಸಣ್ಣ ಇಕ್ಕಳಗಳು ಮಕ್ಕಳು. ಎರಡು ಚಿಮುಟಗಳು ನೆಂಟರು. ಚಾಕುವಿನ ಬರೀ ಹಿಡಿ ಅಳಿಯ, ಕೈಬೀಸಿಕೊಂಡು ಬರುವವನು. ಕೊನೆಗೆ ಹದಿನೆಂಟನೆಯದು, ಉದ್ದ ಕಾಲಿನ ದೊಡ್ಡ ಇಕ್ಕಳ: ಯಜಮಾನರು. ಹಿಡಿದದ್ದನ್ನು ಬಿಡುವುದಿಲ್ಲ, ಸುಮ್ಮಸುಮ್ಮನೆ ಬಾಯಿ ತೆರೆಯುವುದಿಲ್ಲ. "ಯಜಮಾನರು ಬಂದ್ರು, ಬಾಗಿಲು ಹಾಕು" ಎಂದರೆ ಎಣಿಕೆ ಮುಗಿದಂತೆ.

ಪಟ್ಟಿಯಮ್ಮ ಆ ಮೇಜಿನ ಎದುರು ಕೂರಲು ಶುರುಮಾಡಿ ನಾಲ್ಕು ವರ್ಷವಾಗಿತ್ತು. ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಪಟ್ಟಿ ಹಿಡಿದು ಬೇರೆಯಾಗಿ ಎಣಿಸಿ ಸಹಿ ಹಾಕಬೇಕು, ತಪ್ಪು ಸಿಕ್ಕರೆ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯಬೇಕು ಎಂಬ ನಿಯಮ ಬಂದಾಗ ಅದರ ಜೊತೆಗೇ ಬಂದವಳು ಅವಳು. ಆ ಹೆಸರಿಟ್ಟವರು ದೊಡ್ಡಮ್ಮನೇ.

"ನನ್ನ ಕೈ ಮೇಲೆ ನಂಬಿಕೆ ಇಲ್ವೇನೇ?" ಎಂದು ಮೊದಲ ದಿನ ಕೇಳಿದ್ದರು.

"ಇದೆ ದೊಡ್ಡಮ್ಮ. ಆದ್ರೆ ಕೈಗೂ ಒಂದೊಂದಿನ ಜ್ವರ ಬರುತ್ತಲ್ಲ."

ದೊಡ್ಡಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೆಯ ದಿನ ತಮ್ಮ ಊಟದ ಡಬ್ಬಿಯನ್ನು ಮೇಜಿನ ನಡುವೆ ಸರಿಸಿದ್ದರು. ಸಲಕರಣೆಯ ಹಲ್ಲಿನ ಸಂದಿಯಲ್ಲಿ ಅಂಟಿದ ಕಲೆಯನ್ನು ಬೆರಳ ತುದಿಯಿಂದಲೇ ಕಂಡುಹಿಡಿಯುವುದನ್ನು ಅವಳಿಗೆ ಕಲಿಸಿಕೊಟ್ಟವರೂ ಅವರೇ. ಕೆಂಪು ಪುಸ್ತಕದಲ್ಲಿ ಅವರ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಕಳೆದ ತಿಂಗಳು ದೊಡ್ಡಮ್ಮನ ಗಂಡ ತೀರಿಕೊಂಡರು. ಹದಿನೈದು ದಿನದ ರಜೆ ಮುಗಿಸಿ ಬಂದ ದೊಡ್ಡಮ್ಮ ಏನೂ ಆಗಿಲ್ಲವೆಂಬಂತೆ ಏಪ್ರನ್ ಕಟ್ಟಿಕೊಂಡರು. "ಮನೇಲಿ ಮಾತಾಡೋಕೆ ಗೋಡೆ ಇದೆ. ಇಲ್ಲಾದ್ರೆ ನೀನಿದೀಯ. ಗೋಡೆಗಿಂತ ಒಂದು ಗುಲಗಂಜಿ ವಾಸಿ."

ಅಂದು ಎಣಿಕೆ ಅದೇ ಧಾಟಿಯಲ್ಲಿ ಸಾಗಿತು. ಅತ್ತೆ, ಸೊಸೆ, ಮಕ್ಕಳು, ನೆಂಟರು, ಅಳಿಯ. "ಬಾಗಿಲು ಹಾಕು."

ಪಟ್ಟಿಯಮ್ಮ ಎಣಿಸಿದಳು. ಹದಿನೇಳು. ದೊಡ್ಡ ಇಕ್ಕಳ ಒರೆಸಿದ ಬಟ್ಟೆಯ ಮೂಲೆಯಲ್ಲಿ, ದೊಡ್ಡಮ್ಮನ ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಮಲಗಿತ್ತು. ಅವರ ಕಣ್ಣು ಅದರ ಮೇಲೆ ಹಾದುಹೋಯಿತು, ಆದರೆ ನಿಲ್ಲಲಿಲ್ಲ. ಅವರು ಟ್ರೇಗೆ ಅಂಟಿಸುವ ಚೀಟಿ ಕತ್ತರಿಸಲು ಆಚೆ ತಿರುಗಿದಾಗ ಪಟ್ಟಿಯಮ್ಮ ಅದನ್ನೆತ್ತಿ ಟ್ರೇಯಲ್ಲಿಟ್ಟಳು. 'ಸರಿಯಿದೆ' ಎಂದು ಬರೆದು ಸಹಿ ಹಾಕಿದಳು.

ಒಂದು ದಿನದ ಮಾತು ಎಂದುಕೊಂಡಿದ್ದಳು. ಎಂಟು ದಿನ ಹಾಗೇ ನಡೆಯಿತು. ಒಂದು ಟ್ರೇಯೂ ಕೊರತೆಯಾಗಿ ಮೇಲಿನ ಆಪರೇಷನ್ ಕೋಣೆಗೆ ಹೋಗಲಿಲ್ಲ. ಮೂರು ಸಲ ಹೆಸರು ಕೆಂಪು ಪುಸ್ತಕಕ್ಕೆ ಬಿದ್ದವರನ್ನು ಟ್ರೇ ಮೇಜಿನಿಂದ ತೆಗೆದು ಬಟ್ಟೆ ಮಡಚುವ ಮೇಜಿಗೆ ಹಾಕುತ್ತಾರೆ. ಈ ಮೇಜನ್ನೂ ಕಳೆದುಕೊಂಡರೆ ಆ ಜೀವಕ್ಕೆ ಉಳಿಯುವುದೇನು? ಹಾಗೆ ಕೇಳಿಕೊಂಡಾಗಲೆಲ್ಲ ಪೆನ್ನು ತಾನಾಗಿಯೇ 'ಸರಿಯಿದೆ' ಎಂದು ಬರೆಯುತ್ತಿತ್ತು. ಇಷ್ಟು ಸಲೀಸಾಗಿ ಬರೆಯಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಹತ್ತನೆಯ ದಿನ ಅವಳಿಗೆ ರಜೆ ಬೇಕಿತ್ತು. ತನ್ನ ಅತ್ತೆಯನ್ನು ಕಣ್ಣಿನ ವೈದ್ಯರಿಗೆ ತೋರಿಸಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಹಬೆಯ ಯಂತ್ರದ ಗುಂಡಣ್ಣನ ಬಳಿ ಹೋಗಿ, "ನಾಳೆ ನನ್ನ ಜಾಗದಲ್ಲಿ ನೀವೇ ಅಲ್ವಾ? ಸರಿಯಾಗಿ ಎಣಿಸ್ತೀರ ತಾನೆ?" ಎಂದು ಕೇಳಿದಳು.

ಗುಂಡಣ್ಣ ಚಹಾ ಹೀರುತ್ತ ನಕ್ಕ. "ದೊಡ್ಡಮ್ಮ ಕಟ್ಟಿದ್ದನ್ನ ಎಣಿಸೋದಾ? ಅವ್ರ ಎದುರಿಗೆ? ನಾನು ಬೆಳಗ್ಗೆ ಬಂದೋನೆ ದಿನದ ಹತ್ತೂ ಚೀಟಿಗೆ ಒಟ್ಟಿಗೆ ಸಹಿ ಗೀಚಿಬಿಡ್ತೀನಮ್ಮ. ನಿನಗೆ ರಜೆ ಇದ್ದಾಗೆಲ್ಲ ಹಾಗೇ ನಡೆದಿರೋದು. ನಿನ್ನಷ್ಟು ನೇಮ ನಿಷ್ಠೆ ನಮಗೆಲ್ಲಿಂದ ಬರಬೇಕು?"

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾಳೆ ಹೊಟ್ಟೆಯ ಟ್ರೇ ಹದಿನೇಳಾಗಿಯೇ ಮೇಲೆ ಹೋಗುತ್ತದೆ. ಯಾರದೋ ಹೊಟ್ಟೆ ತೆರೆದಿರುತ್ತದೆ, ಯಾರೋ ಕೈ ಚಾಚುತ್ತಾರೆ. ರಜೆ ಬೇಡವೆನ್ನಬಹುದು. ನಾಡಿದ್ದೂ, ಆಚೆ ನಾಡಿದ್ದೂ ಬರಬಹುದು. ಎಷ್ಟು ದಿನ?

ಮೇಜಿಗೆ ಮರಳಿದಾಗ ದೊಡ್ಡಮ್ಮ ಅಳಿಯನನ್ನು ಕೂರಿಸಿ ಚೀಟಿಗೆ ತಿರುಗುತ್ತಿದ್ದರು.

"ದೊಡ್ಡಮ್ಮ, ಈ ಕಡೆ ನೋಡಿ."

"ಏನೇ?"

"ಇದು ಹೊರಗೇ ಉಳೀತು." ಬಟ್ಟೆಯ ಮೂಲೆ ತೋರಿಸಿದಳು. ಎತ್ತಿ ಕೊಡಲಿಲ್ಲ.

ದೊಡ್ಡಮ್ಮ ನೋಡಿದರು. ಈ ಸಲ ಕಣ್ಣು ನಿಂತಿತು. ಆಚೆ ಹಬೆ ಬಿಡುವ ಸದ್ದು ಎದ್ದು ಅಡಗಿತು.

"ಇವತ್ತೊಂದೇ ದಿನಾನಾ?" ಎಂದು ಮೆಲ್ಲಗೆ ಕೇಳಿದರು.

"ನೀವು ಬಂದಾಗಿಂದ. ಇವತ್ತಿಗೆ ಒಂಬತ್ತು ದಿನ."

"ಮತ್ತೆ ಮೇಲಿಂದ ಯಾರೂ ಏನೂ ಅನ್ಲಿಲ್ಲ?"

"ನಾನು ಇಡ್ತಿದ್ದೆ."

"ಪುಸ್ತಕದಲ್ಲಿ?"

ಪಟ್ಟಿಯಮ್ಮ ತಲೆ ತಗ್ಗಿಸಿದಳು. ದೊಡ್ಡಮ್ಮ ಕೈಗವಸು ಕಳಚಿದರು, ಒಂದೊಂದೇ ಬೆರಳಾಗಿ. ಇಕ್ಕಳವನ್ನೆತ್ತಿ ಬರಿಗೈಯಲ್ಲಿ ಹಿಡಿದರು. ತೊಳೆದದ್ದನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಎಲ್ಲರಿಗೂ ಗದರುತ್ತಿದ್ದವರು.

"ಬಾಯಿಗೆ ಬರ್ತಿರ್ಲಿಲ್ಲ ಕಣೆ ಆ ಹೆಸರು. ಬಾಯಿಗೆ ಬರ್ದೇ ಇದ್ದದ್ದು ಕಣ್ಣಿಗೂ ಬೀಳ್ಲಿಲ್ಲ ನೋಡು." ಅದನ್ನು ಮತ್ತೆ ತೊಳೆಯುವ ತೊಟ್ಟಿಗೆ ಇಳಿಬಿಟ್ಟರು. "ಪುಸ್ತಕ ತಗೊಂಬಾ."

"ಬೇಡ ದೊಡ್ಡಮ್ಮ. ನಿಮ್ಮನ್ನ ತೆಗೆದುಬಿಡ್ತಾರೆ. ಇನ್ಮೇಲೆ ನಾನು ಪಟ್ಟಿ ಜೋರಾಗಿ ಓದ್ತೀನಿ, ನೀವು ಇಡಿ, ಸಾಕು."

"ತಗೊಂಬಾ ಅಂದೆ."

ಒಂಬತ್ತು ಸಾಲು ಬರೆಯಲು ಅವರಿಗೆ ಕಾಲು ಗಂಟೆ ಹಿಡಿಯಿತು. ತಾರೀಕು, ಟ್ರೇ, ದೊಡ್ಡ ಇಕ್ಕಳ ಮರೆತದ್ದು, ಸಹಿ. ಎಲ್ಲಿಯೂ ಕಾರಣ ಬರೆಯಲಿಲ್ಲ. ಆಮೇಲೆ ಪೆನ್ನನ್ನು ಅವಳ ಕಡೆ ತಿರುಗಿಸಿ ಚಾಚಿದರು.

"ನನ್ನದು ಮರೆವು. ನಿನ್ನದು ನೀನು ಬರಿ."

ಅವಳ ಕಣ್ಣು ತುಂಬಿ ಬಂತು. ದೊಡ್ಡಮ್ಮ ಏಪ್ರನ್ನಿನ ತುದಿಯಿಂದ ಅವಳ ಕೆನ್ನೆ ಒರೆಸಿದರು. "ನನ್ನ ಮೇಲಿನ ಪ್ರೀತಿಗೆ ಮಾಡಿದ್ದು ಅಂತ ನನಗೆ ಗೊತ್ತು. ಆದ್ರೆ ಅಲ್ಲಿ ಮಲಗಿರೋರಿಗೆ ಅದು ಗೊತ್ತಿರಲ್ಲ. ಬರಿ. ಅಕ್ಷರ ಗುಂಡಾಗಿರಲಿ, ಆ ಗುಂಡಣ್ಣನೂ ಓದೋ ಹಾಗೆ."

ಅವಳು ಬರೆದಳು. 'ಎಂಟು ಸಲ ಸುಳ್ಳು ಸಹಿ.' ಸುಳ್ಳು ಎಂಬ ಪದದ ಬಳಿ ಪೆನ್ನು ತಡೆಯಿತು. ಆ ತಡೆ ಅವಳಿಗೆ ಹಿತವೆನಿಸಿತು.

ಮೇಲ್ವಿಚಾರಕಿ ಎರಡು ಸಲ ಓದಿ ಕನ್ನಡಕ ತೆಗೆದರು. ಪಟ್ಟಿಯಮ್ಮನಿಗೆ ಲಿಖಿತ ಎಚ್ಚರಿಕೆ ಬಂತು. ದೊಡ್ಡಮ್ಮ ಮೂರು ತಿಂಗಳು ಬಟ್ಟೆ ಮೇಜಿಗೆ. ಅದು ಟ್ರೇ ಮೇಜಿನಿಂದ ಐದು ಹೆಜ್ಜೆ. ದೊಡ್ಡಮ್ಮ ಕುರ್ಚಿಯನ್ನು ಈ ಕಡೆಗೇ ತಿರುಗಿಸಿಕೊಂಡು ಕೂತರು.

ಈಗ ಪಟ್ಟಿಯಮ್ಮ ಜೋಡಿಸುತ್ತಾಳೆ, ಗುಂಡಣ್ಣ ಎದುರು ಕೂತು ಪಟ್ಟಿ ಓದುತ್ತಾನೆ. ಮೊದಲ ದಿನ ಅವನು ಎಣಿಸದೆಯೇ ಸಹಿಗೆ ಪೆನ್ನೆತ್ತಿದಾಗ ಬಟ್ಟೆ ಮೇಜಿನಿಂದ ಒಂದು ಕೆಮ್ಮು ಕೇಳಿಸಿತ್ತು. ಅಂದಿನಿಂದ ಅವನು ಬೆರಳಿಟ್ಟು ಎಣಿಸುತ್ತಾನೆ.

"ನೇರ ಕತ್ತರಿ, ಒಂದು. ಬಾಗಿದ ಕತ್ತರಿ, ಒಂದು." ಅವನ ಓದಿನಲ್ಲಿ ರಾಗವಿಲ್ಲ. "ಸಣ್ಣ ಇಕ್ಕಳ, ಹನ್ನೆರಡು. ಚಿಮುಟ, ಎರಡು. ಚಾಕುವಿನ ಹಿಡಿ, ಒಂದು. ದೊಡ್ಡ ಇಕ್ಕಳ, ಒಂದು."

ಪಟ್ಟಿಯಮ್ಮ ಅದನ್ನು ಇಟ್ಟು ಕಾಯುತ್ತಾಳೆ. ಬಟ್ಟೆ ಮಡಚುವ ಕೈಗಳು ಅಲ್ಲಿ ಒಂದು ಗಳಿಗೆ ನಿಲ್ಲುತ್ತವೆ. ಎರಡನೆಯ ವಾರದ ಒಂದು ಬೆಳಿಗ್ಗೆ, ತಲೆಯೆತ್ತದೆ, ಮಡಿಕೆಯನ್ನು ಅಂಗೈಯಿಂದ ನೀವುತ್ತ ದೊಡ್ಡಮ್ಮ ಅಂದರು:

"ಬಂದ್ರಾ?"

"ಬಂದ್ರು ದೊಡ್ಡಮ್ಮ."

"ಹಾಗಾದ್ರೆ ಬಾಗಿಲು ಹಾಕು."